ಬೇಟೆಗಾರರ ಮಡಕೆಗೆ ಮಣ್ಣು ಎಲ್ಲಿಂದ ಬರುತ್ತಿತ್ತು?

ಪ್ರಶ್ನೆ: ನಮ್ಮೂರ ಕುಂಬಾರರು ಕೆರೆಯಂಗಳದಿಂದ ಮಣ್ಣು ತರುತ್ತಿದ್ದರು. ಬೇಸಾಯಕ್ಕೂ ಮುಂಚೆ, ಬೇಟೆಯಾಡಿ ಗೆಡ್ಡೆಗೆಣಸು ಆಯ್ದು ತಿನ್ನುತ್ತಿದ್ದವರೂ ಮಡಕೆ ಮಾಡುತ್ತಿದ್ದರಂತೆ. ಒಂದು ಕಡೆ ನೆಲೆ ನಿಲ್ಲದವರಿಗೆ ಹದವಾದ ಮಣ್ಣು ಸಿಗುತ್ತಿದ್ದದ್ದು ಹೇಗೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮಾಡುತ್ತಿದ್ದದ್ದು ನಿಜ. ಚೀನಾದ ಶಿಯಾನ್‌ರೆನ್‌ಡಾಂಗ್ ಗುಹೆಯಲ್ಲಿ ಸಿಕ್ಕ ಮಡಕೆ ಚೂರುಗಳಿಗೆ ಸುಮಾರು 20,000 ವರ್ಷ. ಜಪಾನಿನ ಓದಾಯಿ ಯಾಮಾಮೊತೊದಲ್ಲಿ ಸಿಕ್ಕವಕ್ಕೆ ಸುಮಾರು 16,000. ಎರಡೂ ಕಡೆ ಬೇಸಾಯ ಶುರುವಾದದ್ದು ಸಾವಿರಾರು ವರ್ಷ ಆದಮೇಲೆ.

ಮಣ್ಣಿಗಾಗಿಯೇ ಅಲೆಯುವ ಪ್ರಮೇಯ ಅವರಿಗೆ ಅಷ್ಟಾಗಿ ಇರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಜಪಾನಿನ ಜೋಮೊನ್ ಎಂಬ ಬೇಸಾಯಪೂರ್ವ ಕಾಲದ ಆರಂಭದ ಮಡಕೆಗಳಿಗೆ ಅಂಟಿದ್ದ ಕರಕಲನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆಚ್ಚಾಗಿ ಕಂಡದ್ದು ಮೀನಿನಂಥ ಜಲಚರಗಳ ಕೊಬ್ಬು. ಮೀನು ಬೇಯಿಸುವವರು ನೀರಿನ ಹತ್ತಿರ ಇರುತ್ತಾರೆ. ಜೇಡಿಮಣ್ಣು ಕೂರುವುದೂ ಅಲ್ಲೇ. ಬಂಡೆಯೊಳಗಿನ ಫೆಲ್ಡ್‌ಸ್ಪಾರ್ ಖನಿಜ ಮಳೆಗಾಳಿಗೆ ಶಿಥಿಲವಾಗಿ ನುಣ್ಣನೆಯ ಜೇಡಿಯಾಗುತ್ತದೆ. ಹೊಳೆ ಅದನ್ನು ಹೊತ್ತು ತಂದು ಹರಿವು ನಿಧಾನವಾದ ಕಡೆ ಬಿಡುತ್ತದೆ. ದಂಡೆ ಕುಸಿದಾಗ ಆ ಪದರ ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಒಂದು ಹಿಡಿ ತೆಗೆದು ಹಗ್ಗದಂತೆ ಹೊಸೆದು ಬೆರಳಿಗೆ ಸುತ್ತಿ ನೋಡಿ. ಬಿರುಕು ಬಿಡದಿದ್ದರೆ ಮಡಕೆಗೆ ಆಗುತ್ತದೆ.

ಹಾಗಂತ ಹದವಾದ ಮಣ್ಣೇ ಸಿಗಬೇಕೆಂದಿಲ್ಲ, ಹದ ಮಾಡಿಕೊಳ್ಳಬಹುದು. ಬರೀ ಜೇಡಿ ಒಣಗುವಾಗ ಕುಗ್ಗಿ ಸೀಳುತ್ತದೆ. ಅದಕ್ಕೇ ಶಿಯಾನ್‌ರೆನ್‌ಡಾಂಗ್‌ನವರು ಕುಟ್ಟಿದ ಕಲ್ಲಿನ ಪುಡಿ ಬೆರೆಸಿದರು, ರಷ್ಯಾದ ಪೂರ್ವದಂಚಿನ ಅಮೂರ್ ನದಿಯ ಕಡೆಯವರು ಹುಲ್ಲು ಬೆರೆಸಿದರು. ಹುಲ್ಲು ಬೆಂಕಿಯಲ್ಲಿ ಸುಟ್ಟುಹೋದ ಜಾಗದಲ್ಲಿ ಉಳಿದ ಸಣ್ಣ ಸಣ್ಣ ತೂತುಗಳು ಇಂದಿಗೂ ಆ ಚೂರುಗಳಲ್ಲಿವೆ.

ಎಷ್ಟು ದೂರ ಹೋಗುತ್ತಿದ್ದರು? ಮಾನವಶಾಸ್ತ್ರಜ್ಞ ಡೀನ್ ಅರ್ನಾಲ್ಡ್ ನೂರಕ್ಕೂ ಹೆಚ್ಚು ಸಮುದಾಯಗಳ ಮಾಹಿತಿ ಕಲೆಹಾಕಿದಾಗ, ಬಹುಪಾಲು ಕುಂಬಾರರು 7 ಕಿ.ಮೀ. ಒಳಗಿನ ಮಣ್ಣನ್ನೇ ಬಳಸುತ್ತಿದ್ದರು. ಸುಮಾರು ಮೂರನೇ ಒಂದು ಪಾಲಿನವರಿಗೆ ಅದು 1 ಕಿ.ಮೀ. ಒಳಗೇ ಸಿಗುತ್ತಿತ್ತು. ಆದರೆ ಈ ಲೆಕ್ಕವನ್ನು ಅಲೆಮಾರಿಗಳಿಗೆ ಹಾಗೇ ಹೊಂದಿಸಲು ನನಗೆ ಮನಸ್ಸಿಲ್ಲ. ಮನೆಯಿಂದ ಮಣ್ಣಿಗೆ ಎಷ್ಟು ದೂರ ಎಂದು ಅಳೆಯಲು ಮೊದಲು ಒಂದು ಮನೆ ಇರಬೇಕಲ್ಲ!

ಚೂರನ್ನು 0.03 ಮಿ.ಮೀ. ದಪ್ಪಕ್ಕೆ ಉಜ್ಜಿ ಸೂಕ್ಷ್ಮದರ್ಶಕದಡಿ ಇಟ್ಟರೆ ಅದರೊಳಗಿನ ಖನಿಜಗಳು ಕಾಣುತ್ತವೆ. ಸುತ್ತಲಿನ ನೆಲಕ್ಕೆ ಅವು ತಾಳೆಯಾದರೆ ಮಣ್ಣು ಅಲ್ಲಿಯದೇ ಇರಬಹುದು. ತಾಳೆಯಾಗದಿದ್ದರೆ ತೊಡಕು. ಬಂದದ್ದು ಮಣ್ಣೋ, ಮಾಡಿಟ್ಟ ಮಡಕೆಯೋ? ಚೂರೊಂದನ್ನೇ ನೋಡಿ ಹೇಳುವುದು ಕಷ್ಟ.

ಈ ತೊಡಕಿಲ್ಲದ ಅಪರೂಪದ ಜಾಗವೊಂದು ಟೋಕಿಯೊದ ಪಶ್ಚಿಮಕ್ಕಿರುವ ತಾಮಾ ಗುಡ್ಡಗಳಲ್ಲಿದೆ. ಕಾಲ ಸುಮಾರು 5,000 ವರ್ಷ ಹಿಂದಿನದು. ಆಹಾರಕ್ಕೆ ಬೇಟೆ, ಮೀನು, ಕಾಡಿನ ಕಾಯಿಗಳನ್ನೇ ನಂಬಿದ್ದರೂ ಆ ಹೊತ್ತಿಗೆ ಜೋಮೊನ್ ಜನ ಊರು ಕಟ್ಟಿ ನೆಲೆಸಿದ್ದರು. ಹೊಸ ಬಡಾವಣೆಗೆಂದು ಉತ್ಖನನ ಮಾಡಿದಾಗ 248 ಎಂಬ ಸಂಖ್ಯೆ ಕೊಟ್ಟ ಪ್ರಾಚೀನ ನೆಲೆಯಲ್ಲಿ ಸಿಕ್ಕದ್ದು ಜೇಡಿ ಪದರಕ್ಕೆಂದೇ ತೋಡಿದ ಗುಂಡಿಗಳು, ಒಂದಕ್ಕೊಂದು ತಾಗಿಕೊಂಡು. ಪಕ್ಕದ 245ನೆಯದು ಜನವಸತಿ; ಅಲ್ಲಿ ಜೇಡಿಯ ಉಂಡೆಗಳೂ ಇನ್ನೂ ಸುಡದ ಮಡಕೆಯೂ ಇದ್ದವು. ಗುಂಡಿಗಳ ಕಡೆ ಸಿಕ್ಕ ಅಗಲ ಬಾಯಿಯ ಬೋಗುಣಿಯ ಚೂರು ಊರಲ್ಲಿ ಸಿಕ್ಕ ಚೂರಿಗೆ ಕಚ್ಚಿ ಕೂತಿತು. ಮುರಿದ ಕಲ್ಲುಕೊಡಲಿಯೂ ಹಾಗೆಯೇ ಜೋಡಿಯಾಯಿತು. ಈ ಬಗೆಯ ಕೊಡಲಿ ಕಡಿಯುವುದಕ್ಕಿಂತ ನೆಲ ಅಗೆಯಲು ಹೆಚ್ಚು ಬಳಕೆಯಾಗುತ್ತಿತ್ತು. ಹಾಗಾಗಿ ಆ ಊರಿನವರು ಯಾವ ಗುಂಡಿಗಳ ಮಣ್ಣು ತರುತ್ತಿದ್ದರು ಎಂಬ ಬಗ್ಗೆ ಇಲ್ಲಿ ಚರ್ಚೆಯಿಲ್ಲ.