ಕುಕ್ಕರ್ ಕೂಗಬಾರದೆಂದು ಹೇಳಿದವರು ಯಾರು?

ಮೈಸೂರಿನ ಶಾಲಾ ಶಿಕ್ಷಕಿಯೊಬ್ಬರು ಬರೆದ ನಾಲ್ಕು ಪುಟಗಳ ಪತ್ರವನ್ನು ಓದಿದಾಗ ಬಂದ ಸಿಟ್ಟು, ಉತ್ತರ ಬರೆಯಲು ಕುಳಿತಿರುವ ಈ ಹೊತ್ತಿಗೂ ಪೂರ್ತಿ ಇಳಿದಿಲ್ಲ. ಸಿಟ್ಟು ಅವರ ಮೇಲಲ್ಲ. ಮೂರು ಪುಟಗಳ ತುಂಬ ಅವರು ಯಾರನ್ನು ದೂರಿದ್ದಾರೋ ಆ ನಾದಿನಿಯ ಮೇಲೂ ಅಲ್ಲ.

ಸಂಗತಿ ಹೀಗಿದೆ. ಈಕೆ ಕ್ಯಾಥೋಲಿಕ್ ಕುಟುಂಬದವರು, ವಯಸ್ಸು 47. ಎರಡು ವರ್ಷಗಳ ಹಿಂದೆ ಒಂದು ಧ್ಯಾನಕೂಟಕ್ಕೆ ಹೋಗಿ ಬಂದವರು ಅಂದಿನಿಂದ ಪ್ರತಿದಿನ ಬೆಳಿಗ್ಗೆ ಐದು ಗಂಟೆಗೆ ಎದ್ದು, ಬೆನ್ನು ನೇರವಾಗಿಟ್ಟು ಕುಳಿತು, ‘ಮಾರಾನಾಥಾ’ ಎಂಬ ಪ್ರಾರ್ಥನಾಪದವನ್ನು ಮನಸ್ಸಿನಲ್ಲೇ ಇಪ್ಪತ್ತು ನಿಮಿಷ ಜಪಿಸುತ್ತಾರೆ. ಸಂಜೆಯೂ ಹಾಗೆಯೇ ಕೂರಬೇಕು, ಆದರೆ ಏಳು ಗಂಟೆಗೆ ಅತ್ತೆಯವರೊಂದಿಗೆ ಜಪಸರದ (ರೋಸರಿಯ) ಪ್ರಾರ್ಥನೆ, ಅದಕ್ಕೆ ಮೊದಲು ಅಡುಗೆ, ಹೀಗಾಗಿ ಆಗುವುದಿಲ್ಲ. ಆ ಕೊರತೆ ತುಂಬಲೆಂದು ಅದೇ ಧ್ಯಾನ ಮಾಡುವ ಕೆಲವರನ್ನು ಸೇರಿಸಿ ವಾರಕ್ಕೊಮ್ಮೆ, ಗುರುವಾರ ಸಂಜೆ, ತಮ್ಮ ಮನೆಯಲ್ಲೇ ಗುಂಪು ಆರಂಭಿಸಿದರು. ಸ್ತುತಿ ಆರಾಧನೆಯ ಪ್ರಾರ್ಥನಾಕೂಟವೊಂದನ್ನು ನಡೆಸುವ ನಾದಿನಿಗೆ ಇದು ಸರಿಬಂದಿಲ್ಲ. ಮಂತ್ರ ಜಪಿಸುವುದು ನಮ್ಮ ಧರ್ಮದ್ದಲ್ಲ, ಮನಸ್ಸನ್ನು ಬರಿದು ಮಾಡಿದರೆ ಸೈತಾನ ಬಂದು ಕೂರುತ್ತಾನೆ ಎಂದು ಆಕೆ ಹೋದಲ್ಲಿ ಬಂದಲ್ಲಿ ಹೇಳುತ್ತಿದ್ದಾರೆ. ಪತ್ರದ ಪ್ರಶ್ನೆಗಳು ಎರಡು: ನಾನು ಮಾಡುತ್ತಿರುವುದು ತಪ್ಪೇ? ಡಿಸೆಂಬರಿನಲ್ಲಿ ಮಂಗಳೂರಿನಲ್ಲಿ ಎಂಟು ದಿನಗಳ ಮೌನ ಧ್ಯಾನಕೂಟವಿದೆ, ಮನೆಯವರ ಮಾತು ಮೀರಿ ಹೋಗಬಹುದೇ?

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಆದರೆ ನಾದಿನಿಯ ಕಿವಿಗೂ ಬೀಳಲಿ ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನೀವು ಜಪಿಸುವ ಪದ ಬೈಬಲಿನಲ್ಲಿ, ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಕೊನೆಯಲ್ಲೇ ಇದೆ. ಯೇಸುಸ್ವಾಮಿ ಆಡುತ್ತಿದ್ದ ಅರಮಾಯಿಕ್ ಭಾಷೆಯ ಪ್ರಾರ್ಥನೆ ಅದು, ‘ಪ್ರಭುವೇ ಬಾ’ ಎಂಬ ಮೊರೆ. ಒಂದು ಚಿಕ್ಕ ಪ್ರಾರ್ಥನೆಯನ್ನು ಹಿಡಿದು, ಮನಸ್ಸು ಎಲ್ಲೆಲ್ಲಿ ಓಡಿದರೂ ಅಲ್ಲಿಗೇ ಮರಳುವ ಅಭ್ಯಾಸವನ್ನು ಈಜಿಪ್ಟಿನ ಮರುಭೂಮಿಯ ಕ್ರೈಸ್ತ ಸನ್ಯಾಸಿಗಳು ನಾಲ್ಕನೆಯ ಶತಮಾನದಲ್ಲೇ ಮಾಡುತ್ತಿದ್ದರು. ಅವರ ನಡುವೆ ಇದ್ದು ಬಂದ ಜಾನ್ ಕಾಸಿಯನ್ ಅದನ್ನು ಬರೆದಿಟ್ಟರು. ಮುಂದೆ ಇದು ಸಾಮಾನ್ಯ ಭಕ್ತರಿಗೆ ಬಹುಮಟ್ಟಿಗೆ ಮರೆತೇ ಹೋಗಿತ್ತು. ಅದನ್ನು ಮತ್ತೆ ಎತ್ತಿಕೊಟ್ಟವರು 1926ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಜಾನ್ ಮೇನ್. ಅವರ ಕತೆಯಲ್ಲಿ ನಾದಿನಿಗೆ ಅನುಕೂಲವಾದ ಅಂಶವೂ ಇದೆ, ಅದನ್ನು ಮುಚ್ಚಿಡುವುದಿಲ್ಲ: 1950ರ ದಶಕದಲ್ಲಿ ಬ್ರಿಟಿಷ್ ಸರ್ಕಾರದ ನೌಕರಿಯ ಮೇಲೆ ಮಲಯಕ್ಕೆ (ಇಂದಿನ ಮಲೇಷ್ಯಾಕ್ಕೆ) ಹೋಗಿದ್ದ ಅವರಿಗೆ ಜಪ ಕಲಿಸಿದವರು ಕೌಲಾಲಂಪುರದ ಸ್ವಾಮಿ ಸತ್ಯಾನಂದ ಎಂಬ ಹಿಂದೂ ಸನ್ಯಾಸಿ. ಕ್ರೈಸ್ತನಾದ ನೀನು ಕ್ರೈಸ್ತ ಪದವನ್ನೇ ಜಪಿಸು ಎಂದು ಹೇಳಿಕೊಟ್ಟವರೂ ಅವರೇ. ಬಳಿಕ ಮೇನ್ ಬೆನೆಡಿಕ್ಟಿನ್ ಎಂಬ ಕ್ಯಾಥೋಲಿಕ್ ಸನ್ಯಾಸಿ ಸಂಘದ ಮಠ ಸೇರಿದಾಗ, ಇದು ನಮ್ಮ ಪದ್ಧತಿಯಲ್ಲ, ಬಿಡು ಎಂದು ಅಲ್ಲಿಯ ಗುರುಗಳು ಹೇಳಿದರು. ಮೇನ್ ಬಿಟ್ಟೂ ಬಿಟ್ಟರು. ವರ್ಷಗಳ ನಂತರ ಕಾಸಿಯನ್ನರನ್ನು ಓದುವಾಗ ಅದೇ ಅಭ್ಯಾಸ ತಮ್ಮ ಪರಂಪರೆಯೊಳಗೇ ಇರುವುದನ್ನು ಕಂಡರು. 1975ರಲ್ಲಿ ಲಂಡನ್ನಿನ ಈಲಿಂಗ್ ಮಠದಲ್ಲಿ ಮೊದಲ ಧ್ಯಾನಕೇಂದ್ರ ಆರಂಭವಾಯಿತು. 1982ರಲ್ಲಿ ಅವರು ತೀರಿಕೊಂಡರು. ಅವರ ಶಿಷ್ಯರು ಮತ್ತು ಸಂಗಡಿಗರು ಸೇರಿ ಕ್ರೈಸ್ತ ಧ್ಯಾನದ ವಿಶ್ವ ಸಮುದಾಯವನ್ನು ಕಟ್ಟಿದ್ದು 1991ರಲ್ಲಿ. ಆ ವರ್ಷದ ಸಮಾವೇಶದಲ್ಲಿ ಉಪನ್ಯಾಸ ನೀಡಿದವರು ತಮಿಳುನಾಡಿನ ಕುಳಿತಲೈ ಬಳಿ ನಮ್ಮ ಕಾವೇರಿಯ ದಡದಲ್ಲೇ ಇರುವ ಶಾಂತಿವನಂ ಆಶ್ರಮದ ಇಂಗ್ಲಿಷ್ ಸನ್ಯಾಸಿ ಬೀಡ್ ಗ್ರಿಫಿತ್ಸ್. 1955ರಲ್ಲಿ ಭಾರತಕ್ಕೆ ಬಂದಾಗ ಅವರು ಮೊದಲು ನೆಲೆಸಿದ್ದು ಬೆಂಗಳೂರಿನ ಕೆಂಗೇರಿಯಲ್ಲಿ ಎಂಬುದನ್ನು ನಮ್ಮವರು ಹೆಚ್ಚು ನೆನೆಯುವುದಿಲ್ಲ.

ನಾದಿನಿಯ ಆತಂಕ ಹುಚ್ಚುತನವಲ್ಲ ಎಂಬುದನ್ನೂ ಹೇಳಬೇಕು. ಮುಂದೆ ಪೋಪ್ ಬೆನೆಡಿಕ್ಟ್ ಆದ ಕಾರ್ಡಿನಲ್ ರಾಟ್ಸಿಂಗರ್ ಅವರ ಹೊಣೆಯಲ್ಲಿದ್ದ ವ್ಯಾಟಿಕನ್ನಿನ ಧರ್ಮಸಿದ್ಧಾಂತ ವಿಭಾಗವು 1989ರ ಅಕ್ಟೋಬರಿನಲ್ಲಿ ಧ್ಯಾನದ ಬಗ್ಗೆಯೇ ಬಿಷಪರಿಗೆ ಪತ್ರ ಬರೆದು, ಮೈಮನಸ್ಸಿಗೆ ಆಗುವ ಹಿತವನ್ನು ಪವಿತ್ರಾತ್ಮರ ಸಾಂತ್ವನವೆಂದು ಭ್ರಮಿಸಬೇಡಿ ಎಂದು ಎಚ್ಚರಿಸಿತು. ಆದರೆ ಅದೇ ಪತ್ರ, ಕ್ರೈಸ್ತ ಪ್ರಾರ್ಥನೆಯ ತಿರುಳು ಮಸುಕಾಗದಿದ್ದರೆ ಬೇರೆ ಧರ್ಮಗಳ ಪದ್ಧತಿಗಳಿಂದ ಉಪಯುಕ್ತವಾದದ್ದನ್ನು ಪಡೆಯಬಹುದು ಎಂದೂ ಹೇಳಿದೆ. ಇನ್ನು ಹೇಳಿದ್ದನ್ನೇ ಹೇಳಬಾರದೆಂದು ನಾದಿನಿ ಸಂತ ಮತ್ತಾಯರ ಶುಭಸಂದೇಶದ ಆರನೆಯ ಅಧ್ಯಾಯವನ್ನು ತೋರಿಸಿದ್ದಾರಂತೆ. ಅವರು ನಿಮ್ಮ ಅತ್ತೆಯವರ ಪಕ್ಕದಲ್ಲಿ ಕುಳಿತು ಹೇಳುವ ಹತ್ತು ಹತ್ತು ಮಣಿಗಳ ಐದು ಸುತ್ತಿನ ಜಪಸರದಲ್ಲಿ ‘ನಮೋ ಮರಿಯಾ’ ಪ್ರಾರ್ಥನೆ, ಆರಂಭದ ಮೂರೂ ಸೇರಿ, 53 ಸಲ ಬರುತ್ತದೆ. ಅದು ವ್ಯರ್ಥವಲ್ಲವಾದರೆ ಇದೂ ಅಲ್ಲ. ಈ ವಾದವನ್ನು ಅವರ ಮುಂದೆ ಎತ್ತಬೇಡಿ, ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಇಲ್ಲಿಗೆ ಸೈತಾನನ ವಿಷಯ ಮುಗಿಯಿತು. ನನ್ನನ್ನು ಕೆಣಕಿದ್ದು ಮೂರನೆಯ ಪುಟದ ಕೆಳಗೆ, ಬೇರೇನನ್ನೋ ಹೇಳುವ ಭರದಲ್ಲಿ ನೀವು ಬರೆದಿರುವ ಸಾಲು: ‘ಗುಂಪಿನ 11 ಜನರ ತಿಂಡಿ, ಕಾಫಿಯ ಏರ್ಪಾಡು ನನ್ನದೇ ಆದ್ದರಿಂದ ಗುರುವಾರ ನನಗೆ ಕೂರಲು ಆಗುವುದಿಲ್ಲ, ಮೌನದ ಹೊತ್ತಿನಲ್ಲಿ ಕುಕ್ಕರ್ ಕೂಗಬಾರದೆಂದು ಸಂಚಾಲಕರು ಹೇಳಿದ ಮೇಲೆ ಕಡಲೆಕಾಳಿನ ಉಸಲಿ ಬಿಟ್ಟು ಉಪ್ಪಿಟ್ಟು ಮಾಡುತ್ತಿದ್ದೇನೆ.’

ಈ ಸಾಲನ್ನು ನೀವು ದೂರಾಗಿ ಬರೆದಿಲ್ಲ, ಮಾಹಿತಿಯಾಗಿ ಬರೆದಿದ್ದೀರಿ. ನಿಮ್ಮದೇ ಮನೆಯ ಹಜಾರದಲ್ಲಿ, ನಿಮ್ಮ ಸಂಜೆಯ ಕೊರತೆ ತುಂಬಲೆಂದು ನೀವೇ ಕಟ್ಟಿದ ಗುಂಪು ಎರಡು ವರ್ಷಗಳಿಂದ ಕಣ್ಣು ಮುಚ್ಚಿ ಕೂರುತ್ತಿದೆ; ಒಳಗೆ ನೀವು ಸೌಟು ಬಾಣಲೆಗೆ ತಗಲಿ ಸದ್ದಾಗದಂತೆ ರವೆ ಹುರಿಯುತ್ತಿದ್ದೀರಿ. ಒಗ್ಗರಣೆಯ ಕರಿಬೇವಿನ ವಾಸನೆ ಅವರ ಮೂಗಿಗೆ ಬಡಿಯುವುದಿಲ್ಲವೇ? ಬಡಿದಾಗ, ಇದನ್ನು ಯಾರೋ ಈ ಕ್ಷಣದಲ್ಲೇ ಮಾಡುತ್ತಿದ್ದಾರೆ ಎಂದು ಒಬ್ಬರಿಗೂ ಹೊಳೆಯಲಿಲ್ಲವೇ? ಆ ಹತ್ತು ಮಂದಿಯಲ್ಲಿ ಏಳು ಜನ ಹೆಂಗಸರೆಂದು ನೀವೇ ಬರೆದಿದ್ದೀರಿ. ಅವರಿಗೂ ನನ್ನ ರಿಯಾಯಿತಿ ಇಲ್ಲ.

ಎಲ್ಲಕ್ಕಿಂತ ಹೆಚ್ಚಿನ ತಪ್ಪು ಸಂಚಾಲಕರದು. ನಿವೃತ್ತ ಪ್ರಾಧ್ಯಾಪಕರಾದ ಅವರನ್ನು ನೀವು ಬಹಳ ಗೌರವದಿಂದ ಕಾಣುತ್ತೀರಿ, ಕ್ರಿಸ್ಮಸ್ ಸಮಯದಲ್ಲಿ ಅವರು ಎಲ್ಲರೆದುರು ‘ಇವರು ನಮ್ಮ ಗುಂಪಿನ ಮಾರ್ತಾ’ ಎಂದು ಹೊಗಳಿದ್ದನ್ನು ಸಂತೋಷದಿಂದ ಬರೆದಿದ್ದೀರಿ. ಸಂತ ಲೂಕರ ಶುಭಸಂದೇಶದಲ್ಲಿ ಮಾರ್ತಾಳ ಕತೆ ಬರುವ ಹತ್ತನೆಯ ಅಧ್ಯಾಯವನ್ನು ಅವರು ಯಾವಾಗ ಓದಿದ್ದೋ ತಿಳಿಯದು. ಯೇಸುಸ್ವಾಮಿ ಅತಿಥಿಯಾಗಿ ಹೋದ ಆ ಮನೆಯಲ್ಲಿ ಮಾರ್ತಾಳ ತಕರಾರು ಕೆಲಸದ ಬಗ್ಗೆ ಇರಲಿಲ್ಲ, ಎಲ್ಲ ಕೆಲಸವೂ ತನ್ನೊಬ್ಬಳ ಮೇಲೆ ಬಿದ್ದಿದೆ ಎಂಬುದರ ಬಗ್ಗೆ ಇತ್ತು. ಯೇಸುಸ್ವಾಮಿ ಅವಳನ್ನು ಹೊಗಳಿ ಅಡುಗೆಮನೆಗೆ ಕಳುಹಿಸಲಿಲ್ಲ, ಕುಳಿತು ಕೇಳುತ್ತಿದ್ದ ತಂಗಿಯೇ ಉತ್ತಮವಾದದ್ದನ್ನು ಆರಿಸಿಕೊಂಡಳು ಎಂದರು. ಈ ಬಗೆಯ ಗುಂಪಿನಲ್ಲಿ ಸಂಚಾಲಕರ ಕೆಲಸವಾದರೂ ಏನು? ಒಂದು ಸಣ್ಣ ಭಾಗ ಓದುವುದು ಅಥವಾ ಧ್ವನಿಮುದ್ರಿತ ಪ್ರವಚನ ಕೇಳಿಸುವುದು, ಗಂಟೆ ಬಾರಿಸಿ ಮೌನ ಆರಂಭಿಸುವುದು, ಇಪ್ಪತ್ತು ಇಪ್ಪತ್ತೈದು ನಿಮಿಷಗಳ ನಂತರ ಗಂಟೆ ಬಾರಿಸಿ ಮುಗಿಸುವುದು, ಯಾರಿಗಾದರೂ ಮಾತಾಡಬೇಕೆನಿಸಿದರೆ ಅವಕಾಶ ಕೊಡುವುದು. ಒಬ್ಬೊಬ್ಬರೇ ದಿನಕ್ಕೆರಡು ಸಲ ಕೂರುವುದು ಕಷ್ಟ, ವಾರಕ್ಕೊಮ್ಮೆ ಜೊತೆಗೆ ಕುಳಿತರೆ ಉಳಿದ ದಿನಗಳಿಗೆ ಬಲ ಬರುತ್ತದೆ ಎಂಬುದೇ ಗುಂಪಿನ ಉದ್ದೇಶ. ಅದಕ್ಕೆ ಬೇಕಾದದ್ದು ಕುರ್ಚಿಗಳು ಮತ್ತು ಒಂದು ಗಡಿಯಾರ. ಕುಕ್ಕರಿನ ಕೂಗು ಕೇಳಿಸಿಕೊಂಡ ಸಂಚಾಲಕರಿಗೆ ಒಂದು ಕುರ್ಚಿ ಖಾಲಿ ಇರುವುದು ಕಾಣಲಿಲ್ಲ.

ಈ ಅಂಕಣದ ಹಳೆಯ ಓದುಗರಿಗೆ ನನ್ನ ಹಟ ಗೊತ್ತಿದೆ. ಭಜನಾ ಮಂಡಳಿಯಿರಲಿ, ಗೀತಾ ಪಾರಾಯಣವಿರಲಿ, ವಚನಗಳ ಓದಿನ ಗುಂಪಿರಲಿ, ಮನೆಗಳಲ್ಲಿ ಸೇರುವ ಯಾವ ಕೂಟವೂ ತಿಂಡಿಯ ತಂಟೆಗೆ ಹೋಗಬಾರದು. ಮೊದಲ ವಾರ ಬಿಸ್ಕತ್ತು, ಮೂರನೆಯ ತಿಂಗಳು ಉಪ್ಪಿಟ್ಟು, ವರ್ಷ ತುಂಬುವ ಹೊತ್ತಿಗೆ ಜೊತೆಗೊಂದು ಕೇಸರಿಬಾತು. ಅಷ್ಟರಲ್ಲಿ ಆ ಮನೆಯ ಗೃಹಿಣಿಗೆ ಪಾರಾಯಣ ಎಲ್ಲಿಯವರೆಗೆ ಬಂದಿದೆ ಎಂಬುದೇ ತಿಳಿದಿರುವುದಿಲ್ಲ. ಈ ವಿಷಯದಲ್ಲಿ ನಮ್ಮ ನಾಡಿನ ಎಲ್ಲ ಧರ್ಮಗಳೂ ಸರ್ವಸಮಾನವಾಗಿವೆ.

ಹಾಗಾದರೆ ಅಡುಗೆಮನೆಯೊಳಗೆ ಬಂದವರು ಯಾರೂ ಇಲ್ಲವೇ ಎಂದು ನಿಮ್ಮ ಪತ್ರವನ್ನು ಮತ್ತೊಮ್ಮೆ ಹುಡುಕಿದೆ. ಒಬ್ಬರಿದ್ದಾರೆ. ‘ಗುರುವಾರ ರಾತ್ರಿ ಪಾತ್ರೆ ತೊಳೆಯಲು ಬಂದಾಗಲೂ ಅವಳ ಬಾಯಿ ಸುಮ್ಮನಿರುವುದಿಲ್ಲ’ ಎಂದು ಎರಡನೆಯ ಪುಟದಲ್ಲಿ ನಾದಿನಿಯನ್ನು ಬೈದಿದ್ದೀರಿ. ಎರಡು ಬೀದಿ ಆಚೆಯಿಂದ ನಡೆದು ಬಂದು, ತನಗೆ ನಂಬಿಕೆಯಿಲ್ಲದ ಧ್ಯಾನದ ಎಂಜಲು ಲೋಟ ತೊಳೆದುಕೊಟ್ಟು ಹೋಗುವವಳು ಆಕೆ. ಸೈತಾನನ ವಿಚಾರದಲ್ಲಿ ಆಕೆ ತಪ್ಪಿರಬಹುದು. ಆದರೆ ಈ ಧ್ಯಾನದಿಂದ ಅತ್ತಿಗೆಗೆ ಏನು ಸಿಕ್ಕಿತು ಎಂದು ಆಕೆ ಕೇಳುತ್ತಿರುವುದು ಆ ಸಿಂಕಿನ ಮುಂದೆ ನಿಂತು. ಅಲ್ಲಿಂದ ನೋಡಿದರೆ ಆಕೆಯ ಪ್ರಶ್ನೆಯಲ್ಲಿ ಹುರುಳಿದೆ. ನಿಮ್ಮ ಪತಿಯ ಬಗ್ಗೆ ‘ಅವರದೇನೂ ಅಭ್ಯಂತರವಿಲ್ಲ’ ಎಂಬ ಒಂದೇ ಸಾಲು ಇರುವುದರಿಂದ ನಾನೂ ಅಷ್ಟಕ್ಕೇ ಬಿಡುತ್ತೇನೆ.

ಡಿಸೆಂಬರಿನ ಧ್ಯಾನಕೂಟದ ಬಗ್ಗೆ. ‘ಅಲ್ಲಿ ಎಂಟು ದಿನ ನಮ್ಮನ್ನು ಯಾರೂ ಏನೂ ಕೇಳುವುದಿಲ್ಲವಂತೆ’ ಎಂದು ಬರೆದಿದ್ದೀರಿ. ಧ್ಯಾನಕ್ಕಿಂತ ಹೆಚ್ಚಾಗಿ ನಿಮ್ಮನ್ನು ಎಳೆಯುತ್ತಿರುವುದು ಇದೇ ಎಂದು ನನ್ನ ಅನುಮಾನ. ಅದರಲ್ಲಿ ಪಾಪವೇನೂ ಇಲ್ಲ; ಆದರೆ ತಿಳಿದು ಹೋಗಿ. ನೀವು ಹೇಳುತ್ತಿರುವುದು ಜೆಸುಯಿಟ್ (ಯೇಸುಸಭೆಯ) ಗುರುಗಳು ನಡೆಸುವ, ಆ ಸಭೆಯ ಸ್ಥಾಪಕ ಸಂತ ಇಗ್ನೇಷಿಯಸರ ಕ್ರಮದ ಕೂಟ. ಅಲ್ಲಿ ಶುಭಸಂದೇಶದ ಒಂದು ಪ್ರಸಂಗವನ್ನು ಎತ್ತಿಕೊಂಡು ಅದರ ಜನ, ಜಾಗ, ಮಾತುಗಳನ್ನು ಕಣ್ಣೆದುರು ತಂದುಕೊಳ್ಳಬೇಕು, ದಿನಕ್ಕೊಮ್ಮೆ ಮಾರ್ಗದರ್ಶಕರೊಂದಿಗೆ ಮಾತಾಡಬೇಕು. ನೀವು ಅಭ್ಯಾಸ ಮಾಡುತ್ತಿರುವುದು ಎಲ್ಲ ಚಿತ್ರಗಳನ್ನೂ ಬದಿಗಿಟ್ಟು ಒಂದೇ ಪದದಲ್ಲಿ ನಿಲ್ಲುವುದನ್ನು. ಎರಡೂ ಒಳ್ಳೆಯವೇ, ಒಂದೇ ಅಲ್ಲ. ಮೌನದಲ್ಲಿ ಕೆಲವು ದಿನ ಇದ್ದು ಬರಬೇಕೆಂದಷ್ಟೇ ಇದ್ದರೆ ನಿಮ್ಮ ಊರಿನಲ್ಲೇ, ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ, ಮೈಸೂರು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ ಫಾದರ್ ಅಮಲೋರ್ಪವದಾಸ್ ಕಟ್ಟಿದ ಅಂಜಲಿ ಆಶ್ರಮವಿದೆ. ಅಲ್ಲಿ ವಿಚಾರಿಸಿ ನೋಡಿ. ಆದರೆ ಎಂಟು ದಿನ ಎಲ್ಲಿಗೆ ಹೋಗಿ ಬಂದರೂ ಒಂಬತ್ತನೆಯ ದಿನದ ನಂತರ ಗುರುವಾರ ಬಂದೇ ಬರುತ್ತದೆ, ರವೆ ಡಬ್ಬಿ ಅಲ್ಲೇ ಇರುತ್ತದೆ.

ಆದ್ದರಿಂದ ನಿಮಗೆ ನಾನು ಹೇಳುವುದು ಒಂದೇ ಕೆಲಸ. ಬರುವ ಗುರುವಾರ ಸಂಜೆ ಐದೂವರೆಯಿಂದ ಏಳರವರೆಗೆ ನಿಮ್ಮ ಮನೆಯ ಒಲೆ ಹತ್ತಬಾರದು. ಫ್ಲಾಸ್ಕಿನಲ್ಲಿ ಮುಂಚೆಯೇ ಕಾಫಿ ಮಾಡಿಡುತ್ತೇನೆ ಎಂಬ ರಾಜಿಯೂ ಬೇಡ. ಎಲ್ಲರಿಗಿಂತ ಮೊದಲು ಹೋಗಿ ಕುರ್ಚಿಯಲ್ಲಿ ಕುಳಿತುಕೊಳ್ಳಿ, ಗಂಟೆ ನಿಮ್ಮ ಕೈಯಲ್ಲಿರಲಿ. ‘ಇನ್ನು ಮುಂದೆ ಗುರುವಾರ ತಿಂಡಿ, ಕಾಫಿ ಇರುವುದಿಲ್ಲ, ನಾನೂ ಧ್ಯಾನಕ್ಕೆ ಕೂರುತ್ತೇನೆ’ ಎಂದು ಸೋಮವಾರವೇ ಗುಂಪಿನ ವಾಟ್ಸಾಪಿಗೆ ಹಾಕಿ. ಕಾರಣ, ಕ್ಷಮೆ, ಕೈಮುಗಿದ ಚಿತ್ರ ಯಾವುದೂ ಬೇಡ. ಸಂಚಾಲಕರು ಫೋನು ಮಾಡಿ ಆರೋಗ್ಯ ಹೇಗಿದೆ ಎಂದು ಕೇಳಿದರೆ ಚೆನ್ನಾಗಿದೆ ಎನ್ನಿ. ಹತ್ತರಲ್ಲಿ ನಾಲ್ಕು ಜನ ಬರುವುದನ್ನು ಬಿಟ್ಟರೆ ಬಿಡಲಿ, ಅವರು ಹೋಟೆಲಿಗೆ ಹೋಗಬೇಕಾದವರು. ನಾದಿನಿಗೆ, ಈ ಗುರುವಾರ ಪಾತ್ರೆಯಿಲ್ಲ, ಸುಮ್ಮನೆ ಬಂದು ಕೂರುವುದಾದರೆ ಬಾ, ಬೇಕಾದರೆ ಕೈಯಲ್ಲಿ ನಿನ್ನ ಜಪಸರವೇ ಇರಲಿ ಎಂದು ಹೇಳಿ ಕಳುಹಿಸಿ. ಹೀಗೆ ನಾಲ್ಕು ಗುರುವಾರ ಕಳೆದ ಮೇಲೂ ಮಂಗಳೂರಿಗೆ ಹೋಗಬೇಕೆನಿಸಿದರೆ ಹೆಸರು ಕೊಡಿ. ಅದಕ್ಕೆ ನನ್ನ ಒಪ್ಪಿಗೆ ಬೇಕಿಲ್ಲ.