ಅರ್ಧಕ್ಕೆ ನಿಂತ ಪ್ರಾಜೆಕ್ಟ್ ತೋರಿಸಬಹುದೇ?

ಮದುವೆ ಫೋಟೋ ಕೆಲಸದ ನಡುವೆ ಎರಡು ವರ್ಷದಿಂದ ಅಜ್ಜಿಯ ಕೈಗಳ ಚಿತ್ರ ತೆಗೆಯುತ್ತಿದ್ದೇನೆ, ಮುಗಿಯುವ ಮೊದಲು ಯಾರಿಗಾದರೂ ತೋರಿಸಲೇ ಎಂದು ಕೇಳಿದ್ದೀರಿ. ಖಂಡಿತ ತೋರಿಸಿ, ಆದರೆ ಫೋನಿನಲ್ಲಿ ಬೇಡ. 40 ಚಿತ್ರಗಳನ್ನು 4×6 ಇಂಚಿಗೆ ಪ್ರಿಂಟ್ ಹಾಕಿಸಿ, ನೆಲದ ಮೇಲೆ ಹರಡಿ, ನಂಬಿಕೆಯ ಇಬ್ಬರು ಛಾಯಾಗ್ರಾಹಕರನ್ನು ಕರೆಯಿರಿ. ನೀವು ಏನೂ ವಿವರಿಸಬೇಡಿ. ಅವರ ಕೈ ಯಾವುದನ್ನು ಎತ್ತಿಕೊಳ್ಳುತ್ತದೆ, ಯಾವುದನ್ನು ದಾಟಿ ಹೋಗುತ್ತದೆ ಎಂದು ನೋಡುತ್ತಿರಿ. ಅಪ್ಪನ ಕುರಿತ ನನ್ನ ಸರಣಿಯಲ್ಲಿ ನನಗೆ ತುಂಬಾ ಇಷ್ಟವಾಗಿದ್ದ ಚಿತ್ರವನ್ನೇ ಇಬ್ಬರೂ ದಾಟಿಹೋದರು. ಸಂಕಟವಾಯಿತು. ಮತ್ತೆ ನೋಡಿದರೆ ಅದರಲ್ಲಿ ಕಿಟಕಿಯ ಬೆಳಕಿತ್ತು, ಅಪ್ಪ ಇರಲಿಲ್ಲ. ಛಾಯಾಗ್ರಾಹಕ ರಾಬರ್ಟ್ ಫ್ರಾಂಕ್ ಅಮೆರಿಕ ಸುತ್ತಿ ತೆಗೆದ ಸಾವಿರಾರು ಫ್ರೇಮ್‌ಗಳಲ್ಲಿ ಅವರ ‘ದಿ ಅಮೆರಿಕನ್ಸ್’ ಪುಸ್ತಕಕ್ಕೆ ಉಳಿದದ್ದು 83 ಮಾತ್ರ. ಪ್ರಶ್ನೆಯ ಜೊತೆ ನೀವು ಹಾಕಿರುವ, ಅಜ್ಜಿ ಸೂಜಿಗೆ ದಾರ ಪೋಣಿಸುವ ಚಿತ್ರವನ್ನಂತೂ ಬಿಡಬೇಡಿ. ಪ್ರಿಂಟ್‌ಗಳನ್ನು ಮೊದಲು ಅಜ್ಜಿಗೇ ತೋರಿಸಿ.