ನೀರು ನುಗ್ಗಿದ ಬೇಸ್‌ಮೆಂಟ್ ಒಣಗಿಸುವ ಕೆಲಸಕ್ಕೆ ಸೇರಲಾ ಎಂದು ಕೇಳಿದ ಶಿರಸಿಯ ತಮ್ಮನಿಗೆ

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ಕೆನಡಾದ ಪಿಆರ್, ಅಂದರೆ ಕಾಯಂ ವಾಸದ ಅನುಮತಿ ಆಗಿದೆ, ಮಳೆಗಾಲ ಮುಗಿಯುವ ಹೊತ್ತಿಗೆ ಹೆಂಡತಿ ಜೊತೆ ಟೊರೊಂಟೊ ಪಕ್ಕದ ಮಿಸಿಸಾಗಾಕ್ಕೆ ಹೊರಡುತ್ತೀಯ, ಇಳಿದುಕೊಳ್ಳಲು ಒಂದು ಬೇಸ್‌ಮೆಂಟ್ ಬಾಡಿಗೆಗೆ ನೋಡಿಟ್ಟಿದ್ದೀಯ. ಪರಿಚಯದವರೊಬ್ಬರು ನೀರು ನುಗ್ಗಿದ ಬೇಸ್‌ಮೆಂಟ್‌ಗಳನ್ನು ಸ್ವಚ್ಛ ಮಾಡಿ ಒಣಗಿಸುವ ಕಂಪನಿಯಲ್ಲಿ ಕೆಲಸ ಕೊಡಿಸುತ್ತೇನೆ ಅಂದಿದ್ದಾರೆ. ಡಿಪ್ಲೊಮಾ ಓದಿದ ಹುಡುಗ ಅಲ್ಲಿಗೆ ಹೋಗಿ ಕಂಡವರ ಮನೆಯ ಕೊಳಚೆ ಬಳಿಯುವುದಾ ಅಂತ ಅಪ್ಪಯ್ಯ ಬೇಜಾರು ಮಾಡಿಕೊಂಡಿದ್ದಾರೆ. ಅಲ್ಲಿಯ ಜೀವನ ಹೇಗೆ, ಈ ಕೆಲಸಕ್ಕೆ ಸೇರಲಾ ಬೇಡವಾ ಅಂತ ಕೇಳಿದ್ದೀಯ.

ಸೇರು. ಯೋಚನೆ ಮಾಡಬೇಡ. ಬಾಡಿಗೆ ಬೇಸ್‌ಮೆಂಟ್ ವಿಷಯದಲ್ಲಿ ಮಾತ್ರ ಅವಸರ ಮಾಡಬೇಡ, ಅದನ್ನು ಕೊನೆಗೆ ಹೇಳುತ್ತೇನೆ.

ನಾನು ಕುಮಟಾದವನು. ಟೊರೊಂಟೊ ಸುತ್ತಮುತ್ತ ಬಹಳ ವರ್ಷಗಳಿಂದ ಇದೇ ಕೆಲಸದಲ್ಲಿದ್ದೇನೆ. ಈಗ ರಜೆಗೆ ಊರಿಗೆ ಬಂದಿದ್ದೇನೆ, ಹಾಗಾಗಿ ಸ್ವಲ್ಪ ಬಿಡುವಾಗಿಯೇ ಬರೆಯುತ್ತೇನೆ.

ಮೊದಲು ಬೇಸ್‌ಮೆಂಟ್ ಅಂದರೆ ಏನು, ಯಾಕೆ ಅಂತ ತಿಳಿದುಕೋ. ನಮ್ಮ ಕಡೆ ಮನೆ ಕಟ್ಟುವಾಗ ಮಳೆಯ ಯೋಚನೆಯೇ ಮೊದಲು. ಚಿರೆಕಲ್ಲಿನ ಪಂಚಾಂಗ ಎತ್ತರಿಸುತ್ತೇವೆ, ಸೂರು ಉದ್ದ ಬಿಡುತ್ತೇವೆ, ಮಳೆಗಾಲಕ್ಕೆ ಮುಂಚೆ ಜಗುಲಿಗೆ ತಟ್ಟಿ ಕಟ್ಟುತ್ತೇವೆ. ನೆಲದ ಕೆಳಗೆ ಮಲಗುವ ಕೋಣೆ ಮಾಡಿಸು ಅಂದರೆ ಮೇಸ್ತ್ರಿಯೇ ಒಪ್ಪುವುದಿಲ್ಲ. ಅಲ್ಲಿ ಚಳಿಯ ಯೋಚನೆ ಮೊದಲು. ಟೊರೊಂಟೊ ಇರುವ ಒಂಟಾರಿಯೊ ಪ್ರಾಂತ್ಯದ ದಕ್ಷಿಣ ಭಾಗದಲ್ಲಿ ಚಳಿಗಾಲಕ್ಕೆ ಮಣ್ಣು ಸುಮಾರು 1.2 ಮೀಟರ್ ಆಳದವರೆಗೂ ಹೆಪ್ಪುಗಟ್ಟಬಹುದು. ಹೆಪ್ಪುಗಟ್ಟಿದ ಮಣ್ಣು ಉಬ್ಬುತ್ತದೆ, ಮೇಲಿರುವ ಪಾಯವನ್ನು ಎತ್ತುತ್ತದೆ, ಗೋಡೆ ಬಿರುಕು ಬಿಡುತ್ತದೆ. ಅದಕ್ಕೇ ಪಾಯ ಆ ಆಳಕ್ಕಿಂತ ಕೆಳಗೆ ಹೋಗಲೇಬೇಕು. ಅಷ್ಟು ಅಗೆದ ಮೇಲೆ ಇನ್ನೊಂದಿಷ್ಟು ಅಗೆದು ಅದನ್ನೇ ಒಂದು ಮಹಡಿ ಮಾಡಿಕೊಳ್ಳುತ್ತಾರೆ. ಮನೆ ಬೆಚ್ಚಗಿಡುವ ಫರ್ನೇಸ್, ಬಿಸಿನೀರಿನ ಟ್ಯಾಂಕ್, ವಾಷಿಂಗ್ ಮಷೀನ್, ಎಷ್ಟೋ ಮನೆಗಳಲ್ಲಿ ಕರೆಂಟಿನ ಪ್ಯಾನೆಲ್ ಕೂಡ ಅಲ್ಲೇ ಇರುತ್ತದೆ. ಕೆಲವರು ಅಲ್ಲಿ ಟಿವಿ ಕೋಣೆ ಮಾಡುತ್ತಾರೆ, ಕೆಲವರು ಬಾಡಿಗೆಗೆ ಕೊಡುತ್ತಾರೆ. ನಮ್ಮವರ ಮನೆಗಳಲ್ಲಿ ಅಕ್ಕಿ ಚೀಲ, ಊರಿಂದ ತಂದ ಪೆಟ್ಟಿಗೆ, ಮದುವೆ ಆಲ್ಬಮ್ಮು ಎಲ್ಲಾ ಕೆಳಗೇ.

ಈಗ ಮಳೆಯ ವಿಷಯ. 2024ರ ಜುಲೈ 16 ನಿನಗೂ ನೆನಪಿರುತ್ತದೆ, ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದ ದಿನ. ಟೊರೊಂಟೊದಲ್ಲಿ ನಮಗೆ ಇನ್ನೂ ಹಿಂದಿನ ದಿನದ ರಾತ್ರಿ. ಹೆದ್ದಾರಿಯಲ್ಲಿ ಯಾರಿದ್ದರು, ಗಂಗಾವಳಿ ಹೊಳೆಯ ಆಚೆ ದಡದ ಮನೆಗಳು ಏನಾದವು ಅಂತ ಊರಿಗೆ ಫೋನ್ ಮಾಡುತ್ತಾ ಸರಿಯಾಗಿ ನಿದ್ದೆಯೇ ಇಲ್ಲ. ಬೆಳಗಾದರೆ ಟೊರೊಂಟೊದಲ್ಲೇ ಮಳೆ ಹಿಡಿಯಿತು. ಅವತ್ತು ಪಿಯರ್ಸನ್ ವಿಮಾನ ನಿಲ್ದಾಣದಲ್ಲಿ 97.8 ಮಿಲಿಮೀಟರ್ ಬಿತ್ತು, ಡಾನ್ ವ್ಯಾಲಿ ಪಾರ್ಕ್‌ವೇ ಅನ್ನುವ ದೊಡ್ಡ ರಸ್ತೆ ಮುಳುಗಿತು. 2013ರ ಜುಲೈ 8ರಂದು ಅದೇ ಜಾಗದಲ್ಲಿ 126 ಮಿಲಿಮೀಟರ್ ಬಿದ್ದಿತ್ತು. ಹೊನ್ನಾವರ, ಭಟ್ಕಳದವರಿಗೆ ಜುಲೈನಲ್ಲಿ ಇದೇನೂ ಹೊಸ ಲೆಕ್ಕ ಅಲ್ಲ. ಆದರೆ ಟೊರೊಂಟೊದಲ್ಲಿ ಅದು ಕೆಲವೇ ಗಂಟೆಗಳಲ್ಲಿ ಡಾಂಬರು, ಕಾಂಕ್ರೀಟಿನ ಮೇಲೆ ಬಿದ್ದು ನೆಲದಡಿಯ ಪೈಪುಗಳ ಮೂಲಕವೇ ಹೋಗಬೇಕು. ಹಳೆಯ ಬಡಾವಣೆಗಳಲ್ಲಿ ಮಳೆನೀರು, ಚರಂಡಿ ನೀರು ಎರಡಕ್ಕೂ ಒಂದೇ ಪೈಪು. ಅದು ತುಂಬಿತು ಅಂದರೆ ನೀರು ಹಿಂದಕ್ಕೆ ಒತ್ತುತ್ತದೆ. ಮನೆಯಲ್ಲಿ ಎಲ್ಲಕ್ಕಿಂತ ತಗ್ಗಿನ ಬಾಯಿ ಯಾವುದು? ಬೇಸ್‌ಮೆಂಟಿನ ನೆಲದ ಡ್ರೈನ್. ಅಲ್ಲಿಂದಲೇ ಮೇಲೆ ಬರುತ್ತದೆ.

ಇದು ಒಂದು ದಾರಿ. ಪಾಯದ ಬಿರುಕಿನಿಂದ ಮಣ್ಣಿನ ನೀರು ಜಿನುಗುವುದು ಇನ್ನೊಂದು. ಚಳಿಗಾಲದಲ್ಲಿ ಪೈಪಿನ ನೀರು ಮಂಜುಗಡ್ಡೆಯಾಗಿ ಪೈಪು ಒಡೆಯುವುದು ಮತ್ತೊಂದು. ಹಾಗಾಗಿ ಕೆಲಸ ವರ್ಷವಿಡೀ ಇರುತ್ತದೆ.

ಕೆಲಸದಲ್ಲಿ ಎಲ್ಲಕ್ಕಿಂತ ಮೊದಲು ಕಲಿಸುವುದು ನೀರಿಗೆ ಕಾಲಿಡಬಾರದು ಅಂತ. ಸಾಕೆಟ್ ಮುಳುಗಿದೆಯೋ, ಪ್ಯಾನೆಲ್ ಒದ್ದೆಯಾಗಿದೆಯೋ ಗೊತ್ತಿಲ್ಲ. ಕರೆಂಟ್ ಕಡಿತವಾಗಿದೆ ಅಂತ ಖಾತ್ರಿಯಾಗುವವರೆಗೆ ಮೆಟ್ಟಿಲ ಮೇಲೇ ನಿಲ್ಲು, ಮನೆಯವರು ಎಷ್ಟೇ ಅವಸರ ಮಾಡಲಿ. ಗ್ಯಾಸ್ ವಾಸನೆ ಬಂದರೆ ಎಲ್ಲರನ್ನೂ ಹೊರಗೆ ಕರೆದುಕೊಂಡು ಬಾ. ಜನರೇಟರ್ ಹಚ್ಚುವುದಾದರೆ ಮನೆಯಿಂದ ದೂರ, ಹೊರಗೇ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ವಾಸನೆಯೇ ಇಲ್ಲದೆ ಜೀವ ತೆಗೆಯುತ್ತದೆ. ಆಳವಾಗಿ ನೀರು ನಿಂತಿದ್ದರೆ ಒಂದೇ ಸಲಕ್ಕೆ ಪಂಪ್ ಹಾಕಿ ಖಾಲಿ ಮಾಡುವಂತಿಲ್ಲ. ಹೊರಗಿನ ಮಣ್ಣಿನಲ್ಲಿ ನೀರು ತುಂಬಿ ಗೋಡೆಯನ್ನು ಒತ್ತುತ್ತಿರುತ್ತದೆ, ಒಳಗಿನ ನೀರು ಆ ಒತ್ತಡವನ್ನು ತಡೆದು ನಿಂತಿರುತ್ತದೆ. ಒಳಗೆ ಬೇಗ ಖಾಲಿ ಮಾಡಿದರೆ ಗೋಡೆಯೇ ಒಳಕ್ಕೆ ಬೀಳಬಹುದು.

ಆಮೇಲೆ ನೀರು ಯಾವ ಜಾತಿಯದು ನೋಡಬೇಕು. ಕುಡಿಯುವ ನೀರಿನ ಪೈಪು ಒಡೆದದ್ದು ಒಂದನೇ ವರ್ಗ. ವಾಷಿಂಗ್ ಮಷೀನಿನದು ಎರಡನೆಯದು. ಚರಂಡಿಯದು, ಹೊಳೆಯದು ಮೂರನೆಯದು. ಒಂದನೆಯದನ್ನೇ ಹಾಗೇ ಬಿಟ್ಟರೆ ದಿನ ಕಳೆದ ಹಾಗೆ ಅದೂ ಕೆಡುತ್ತದೆ. ಮೂರನೆಯದಾದರೆ ಕಾರ್ಪೆಟ್, ಅದರ ಕೆಳಗಿನ ಸ್ಪಂಜಿನ ಹಾಸು, ಹಾಸಿಗೆ, ನೀರು ತಾಗಿದ ತಿನ್ನುವ ಸಾಮಾನು ಎಲ್ಲಾ ಹೊರಗೆ ಹೋಗಬೇಕು. ಮುಖಕ್ಕೆ ರೆಸ್ಪಿರೇಟರ್, ಮೈಗೆ ಪೂರ್ತಿ ಮುಚ್ಚುವ ಸೂಟು, ಕೈಗೆ ರಬ್ಬರ್ ಗವಸು ಇಲ್ಲದೆ ಆ ಕೋಣೆಗೆ ಇಳಿಯಬೇಡ. 1990ಕ್ಕಿಂತ ಮೊದಲಿನ ಮನೆಯಾದರೆ ಗೋಡೆ ಒಡೆಯುವ ಮುಂಚೆ ಆಸ್ಬೆಸ್ಟಾಸ್ (ಧೂಳು ಉಸಿರಿಗೆ ಹೋದರೆ ಶ್ವಾಸಕೋಶ ಕೆಡಿಸುವ ನಾರು) ಪರೀಕ್ಷೆ ಆಗಿದೆಯಾ ಅಂತ ಕೇಳು. ಪರೀಕ್ಷೆ ಗಿರೀಕ್ಷೆ ಬೇಡ, ಒಡೆ ಅನ್ನುವ ಯಜಮಾನರೂ ಇದ್ದಾರೆ. ಅಪಾಯ ಅನಿಸಿದ ಕೆಲಸಕ್ಕೆ ಆಗುವುದಿಲ್ಲ ಅನ್ನುವ ಹಕ್ಕನ್ನು ಒಂಟಾರಿಯೊ ಕಾನೂನೇ ಕೊಟ್ಟಿದೆ. ಹೊಸಬರು ಹೆದರಿ ಬಾಯಿ ಬಿಡುವುದಿಲ್ಲ, ನೀನು ಹಾಗೆ ಮಾಡಬೇಡ.

ಇಲ್ಲಿಯವರೆಗಿನದು ಸ್ವಚ್ಛ ಮಾಡುವ ಕೆಲಸ. ಅಪ್ಪಯ್ಯನಿಗೆ ಗೊತ್ತಿರುವುದು ಇಷ್ಟೇ. ನಿಜವಾದ ವಿದ್ಯೆ ಇರುವುದು ಒಣಗಿಸುವುದರಲ್ಲಿ.

ಅಲ್ಲಿಯ ಮನೆಯ ಒಳಗೋಡೆ ಕಲ್ಲಿನದಲ್ಲ. ಮರದ ಚೌಕಟ್ಟು, ಅದರ ಮೇಲೆ ಡ್ರೈವಾಲ್ ಅನ್ನುವ ಜಿಪ್ಸಮ್ ಹಲಗೆ, ಹಲಗೆಗೆ ಎರಡೂ ಕಡೆ ಕಾಗದ, ಚೌಕಟ್ಟಿನ ಮರಗಳ ನಡುವೆ ಚಳಿ ತಡೆಯುವ ಹತ್ತಿಯಂಥ ಇನ್ಸುಲೇಶನ್. ನೆಲದಲ್ಲಿ ನಾಲ್ಕು ಬೆರಳು ನೀರು ನಿಂತರೂ ಜಿಪ್ಸಮ್ ಅದನ್ನು ಮೇಲಕ್ಕೆ ಹೀರುತ್ತದೆ. ಬೂಷ್ಟಿಗೆ ಆ ಕಾಗದವೇ ಊಟ. 24ರಿಂದ 48 ಗಂಟೆಯೊಳಗೆ ಒಣಗಿಸದಿದ್ದರೆ ಬೂಷ್ಟು ಶುರುವಾಗುತ್ತದೆ, ಆಮೇಲೆ ಮನೆಯ ಮಕ್ಕಳಿಗೆ ಕೆಮ್ಮು, ಉಬ್ಬಸ. ಅದಕ್ಕೇ ರಾತ್ರಿ ಎರಡು ಗಂಟೆಗೂ ಫೋನ್ ಬಂದರೆ ಹೊರಡಬೇಕು. ಗೋಡೆಯ ಕೆಳಭಾಗವನ್ನು ನೀರು ಏರಿದ್ದಕ್ಕಿಂತ ಮೇಲೆ, ಸಾಮಾನ್ಯವಾಗಿ ಎರಡು ಅಡಿಯಷ್ಟು, ನೇರ ಗೆರೆ ಹೊಡೆದು ಕತ್ತರಿಸುತ್ತೇವೆ. ಒದ್ದೆ ಇನ್ಸುಲೇಶನ್ ಕಿತ್ತು ಹಾಕುತ್ತೇವೆ. ಮರದ ಚೌಕಟ್ಟು ತೆರೆದುಕೊಂಡ ಮೇಲೆ ಒಣಗಿಸುವುದು.

ನಮ್ಮ ಊರಿನ ಅಭ್ಯಾಸದಲ್ಲಿ ಕೈ ಮೊದಲು ಕಿಟಕಿಗೆ ಹೋಗುತ್ತದೆ, ಗಾಳಿ ಆಡಲಿ ಅಂತ. ಜುಲೈನ ಟೊರೊಂಟೊದಲ್ಲಿ ಅದನ್ನು ಮಾಡುವಂತಿಲ್ಲ. ಹೊರಗಿನ ಗಾಳಿಯೇ ತೇವ ಹೊತ್ತಿರುತ್ತದೆ, ತಣ್ಣಗಿನ ಬೇಸ್‌ಮೆಂಟಿಗೆ ಬಂದು ಗೋಡೆಯ ಮೇಲೆ ಮತ್ತೆ ನೀರಾಗುತ್ತದೆ. ಅದಕ್ಕೆ ಕಿಟಕಿ ಮುಚ್ಚಿ ಏರ್ ಮೂವರ್ ಅನ್ನುವ ಫ್ಯಾನುಗಳನ್ನು ಗೋಡೆಗೆ ಓರೆಯಾಗಿ ಇಡುತ್ತೇವೆ. ಅವು ಮರದ ತೇವವನ್ನು ಗಾಳಿಗೆ ಬಿಡಿಸುತ್ತವೆ. ಆ ಗಾಳಿಯ ತೇವವನ್ನು ಡಿಹ್ಯುಮಿಡಿಫೈಯರ್ ತಣ್ಣನೆಯ ಕೊಳವೆಗೆ ತಾಗಿಸಿ ನೀರು ಮಾಡಿ ಪೈಪಿನಲ್ಲಿ ಹೊರಗೆ ಹಾಕುತ್ತದೆ. ಎರಡೂ ಜೊತೆಗೇ ನಡೆಯಬೇಕು. ಬರೀ ಫ್ಯಾನ್ ಇಟ್ಟರೆ ಕೆಳಗಿನ ತೇವ ಮೇಲಿನ ಮಹಡಿಗೆ ಹೋಗುತ್ತದೆ ಅಷ್ಟೇ. ಬೂಷ್ಟು ಆಗಲೇ ಬಂದಿದ್ದರೆ ಫ್ಯಾನ್ ಹಚ್ಚಲೇಬಾರದು, ಅದರ ಕಣಗಳು ಮನೆ ತುಂಬಾ ಹಾರುತ್ತವೆ. ಮೊದಲು ಆ ಜಾಗವನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ ಸಣ್ಣ ಕಣಗಳನ್ನು ಹಿಡಿಯುವ ಹೆಪಾ ಫಿಲ್ಟರಿನ ಯಂತ್ರ ಓಡಿಸಬೇಕು.

ಇದು ಸಾಮಾನ್ಯವಾಗಿ ಮೂರರಿಂದ ಐದು ದಿನ, ಹಗಲೂ ರಾತ್ರಿ ಓಡುತ್ತದೆ. ಶಬ್ದ ಜಾಸ್ತಿ. ಮನೆಯವರಿಗೆ ನಿದ್ದೆ ಇಲ್ಲ, ರಾತ್ರಿ ಆಫ್ ಮಾಡಿಬಿಡುತ್ತಾರೆ. ಎರಡನೇ ದಿನ ಗೋಡೆ ಮುಟ್ಟಿ ನೋಡಿ ಒಣಗಿದೆಯಲ್ಲ, ತೆಗೆದುಕೊಂಡು ಹೋಗಿ ಅನ್ನುತ್ತಾರೆ. ಆಗ ನಿನಗೆ ನಿನ್ನ ಊರಿನ ಚಾಲಿ ಅಡಿಕೆ ನೆನಪಾಗಬೇಕು. ಸಿಪ್ಪೆ ಒಣಗಿದೆ ಅಂತ ಅಂಗಳದಿಂದ ಎತ್ತಿ ಮೂಟೆ ಕಟ್ಟಿದರೆ, ಒಳಗೆ ಹಸಿ ಇದ್ದದ್ದು ವಖಾರಿಯಲ್ಲಿ ಬೂಷ್ಟು ಹಿಡಿಯುತ್ತದಲ್ವಾ? ಮರವೂ ಹಾಗೇ. ಕೈಯನ್ನು ನಂಬುವಂತಿಲ್ಲ. ಎರಡು ಸೂಜಿಯಿರುವ ತೇವದ ಮೀಟರನ್ನು ಮರಕ್ಕೆ ಚುಚ್ಚಿ ನೋಡುತ್ತೇವೆ. ಅದೇ ಮನೆಯ ಒದ್ದೆಯಾಗದ ಮರದಲ್ಲಿ ಎಷ್ಟು ಬರುತ್ತದೆ ಅಂತ ಮೊದಲೇ ಬರೆದಿಟ್ಟುಕೊಂಡಿರುತ್ತೇವೆ. ಒದ್ದೆಯಾದ ಮರ ಆ ಅಂಕಿಗೆ ಹತ್ತಿರ ಬರುವವರೆಗೆ ಯಂತ್ರ ತೆಗೆಯುವುದಿಲ್ಲ. ದಿನಾ ಹೋಗಿ ಅದೇ ಜಾಗಗಳಲ್ಲಿ ಅಳೆದು ಬರೆಯಬೇಕು. ಅಳೆಯದೇ ಮುಚ್ಚಿದ ಗೋಡೆಗಳನ್ನು ಕೆಲವು ತಿಂಗಳ ಮೇಲೆ ಮತ್ತೆ ಒಡೆದಿದ್ದೇನೆ, ಹಿಂಬದಿ ಪೂರ್ತಿ ಕಪ್ಪು. ಆ ಮನೆಯವರು ಎರಡನೇ ಸಲ ದುಡ್ಡು ಹಾಕಬೇಕಾಗಿ ಬಂದಾಗ ನನಗೆ ಹೊಟ್ಟೆ ಉರಿಯುತ್ತದೆ. ಇದು ಸುಮ್ನೆ ಕೊಳಚೆ ಬಳಿಯುವ ಕೆಲಸ ಅಲ್ಲ, ಒಂದು ಕುಟುಂಬ ಆ ಮನೆಯಲ್ಲಿ ಮತ್ತೆ ಉಸಿರಾಡಬಹುದಾ ಅಂತ ಹೇಳುವ ಕೆಲಸ. ಅಪ್ಪಯ್ಯನಿಗೆ ಇದನ್ನು ಓದಿ ಹೇಳು.

ಇನ್ನೊಂದು ಮಾತು. ಒದ್ದೆಯಾದ ಫೋಟೊ ಆಲ್ಬಮ್ಮನ್ನು ಎಸೆಯಲು ಬಿಡಬೇಡ. ಶುದ್ಧ ನೀರಿನ ಪೈಪು ಒಡೆದದ್ದಾದರೆ, ಫೋಟೊಗಳನ್ನು ಅಂಟಿಕೊಳ್ಳುವ ಮೊದಲೇ ಬಿಡಿಸಿ ತಣ್ಣೀರಿನಲ್ಲಿ ತೊಳೆದು ನೆರಳಿನಲ್ಲಿ ಹರವಬಹುದು. ತಕ್ಷಣ ಆಗದಿದ್ದರೆ ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿಟ್ಟರೆ ಕೆಡುವುದು ನಿಲ್ಲುತ್ತದೆ, ಪುರುಸೊತ್ತಾದಾಗ ತೆಗೆದು ಒಣಗಿಸಬಹುದು. ಮನೆ ಕಳೆದುಕೊಂಡಂತೆ ಅಳುತ್ತಾ ನಿಂತವರಿಗೆ ಇದನ್ನು ಹೇಳಿದರೆ ಅವರು ನಿನ್ನನ್ನು ಬಹಳ ದಿನ ನೆನಪಿಟ್ಟುಕೊಳ್ಳುತ್ತಾರೆ.

ಸಂಬಳ ಗಂಟೆ ಲೆಕ್ಕ. ವಾರಕ್ಕೆ 44 ಗಂಟೆ ದಾಟಿದರೆ ಒಂದೂವರೆ ಪಟ್ಟು, ದೊಡ್ಡ ಮಳೆಯ ವಾರದಲ್ಲಿ ದಾಟಿಯೇ ದಾಟುತ್ತದೆ. ಹೆಂಡತಿಗೆ ಇದನ್ನು ಮೊದಲೇ ಹೇಳಿಡು, ಊಟದ ಹೊತ್ತಿಗೆ ಮನೆಯಲ್ಲಿರುವುದು ಕಷ್ಟ. ಈ ಕೆಲಸಕ್ಕೆ ಸರ್ಟಿಫಿಕೇಟ್ ಕೊಡುವ ಐಐಸಿಆರ್‌ಸಿ ಅನ್ನುವ ಸಂಸ್ಥೆಯ ಡಬ್ಲ್ಯುಆರ್‌ಟಿ ಕೋರ್ಸ್ ಇದೆ, ನೀರು ನುಗ್ಗಿದ ಮನೆ ಸರಿಪಡಿಸುವುದನ್ನು ಕಲಿಸುವುದು, ಮೂರು ದಿನ ಮತ್ತು ಒಂದು ಪರೀಕ್ಷೆ. ಕಂಪನಿಯೇ ಕಳಿಸಿಕೊಟ್ಟರೆ ಒಳ್ಳೆಯ ಲಕ್ಷಣ, ಇಂಟರ್‌ವ್ಯೂನಲ್ಲೇ ಕೇಳು. ವ್ಯಾನ್ ಓಡಿಸಬೇಕಾಗುತ್ತದೆ. ಶಿರಸಿ ಆರ್‌ಟಿಒದಿಂದ ನಿನ್ನ ಲೈಸೆನ್ಸ್ ಎಷ್ಟು ವರ್ಷದ್ದು ಅನ್ನುವ ದಾಖಲೆ ಹೊರಡುವ ಮುಂಚೆಯೇ ತೆಗೆದುಕೋ, ಅಲ್ಲಿಂದ ತರಿಸುವುದು ತಲೆನೋವು.

ಈಗ ಆ ಬಾಡಿಗೆ ಮನೆ. 2021ರ ಸೆಪ್ಟೆಂಬರ್ 1ರ ರಾತ್ರಿ ಐಡಾ ಚಂಡಮಾರುತದ ಉಳಿದ ಮಳೆ ನ್ಯೂಯಾರ್ಕಿನ ಮೇಲೆ ಬಿದ್ದಾಗ ಸೆಂಟ್ರಲ್ ಪಾರ್ಕಿನಲ್ಲಿ ಒಂದು ಗಂಟೆಗೆ ಸುಮಾರು 80 ಮಿಲಿಮೀಟರ್. ಬೇಸ್‌ಮೆಂಟ್ ಬಾಡಿಗೆ ಮನೆಗಳಲ್ಲಿ 11 ಜನ ಮುಳುಗಿ ಸತ್ತರು. ಹೆಚ್ಚಿನವರು ಹೊರ ದೇಶಗಳಿಂದ ಬಂದ ಕುಟುಂಬದವರು, ಕಡಿಮೆ ಬಾಡಿಗೆ ಅಂತ ಅಲ್ಲಿದ್ದವರು. ಹೆದರಿಸಲು ಹೇಳುತ್ತಿಲ್ಲ. ಒಳ್ಳೆಯ ಬೇಸ್‌ಮೆಂಟುಗಳೂ ಬೇಕಾದಷ್ಟಿವೆ, ನೂರಾರು ಕನ್ನಡದ ಕುಟುಂಬಗಳು ಮೊದಲ ವರ್ಷ ಅಲ್ಲೇ ಕಳೆದಿವೆ. ಆದರೆ ಮಲಗುವ ಕೋಣೆಯಿಂದ ಮನುಷ್ಯ ಹೊರಬರುವಷ್ಟು ದೊಡ್ಡ ಕಿಟಕಿ ಅಥವಾ ಬಾಗಿಲು ಇಲ್ಲದಿದ್ದರೆ ಬೇಡವೇ ಬೇಡ.

ಮಾಲೀಕರಿಗೆ ನೇರವಾಗಿ ಕೇಳು. ಹಿಂದೆ ನೀರು ಬಂದಿತ್ತಾ? ಪಾಯದ ಹತ್ತಿರ ಗುಂಡಿಯಲ್ಲಿ ಸೇರಿದ ನೀರನ್ನು ಹೊರಗೆ ಹಾಕುವ ಸಂಪ್ ಪಂಪ್ ಇದೆಯಾ, ಕರೆಂಟ್ ಹೋದರೆ ಅದಕ್ಕೆ ಬ್ಯಾಟರಿ ಇದೆಯಾ? ಚರಂಡಿ ನೀರು ಹಿಂದೆ ಬರದಂತೆ ತಡೆಯುವ ಬ್ಯಾಕ್‌ವಾಟರ್ ವಾಲ್ವ್ ಹಾಕಿಸಿದ್ದಾರಾ? ಗೋಡೆಯ ಬುಡದ ಪಟ್ಟಿ ಉಬ್ಬಿದೆಯಾ, ಕಾರ್ಪೆಟಿನ ಮೂಲೆಯಲ್ಲಿ ಮುಗ್ಗಲು ವಾಸನೆ ಇದೆಯಾ, ಹೊಸ ಬಣ್ಣ ಕೆಳಗಿನ ಎರಡು ಅಡಿಗೆ ಮಾತ್ರ ಬಳಿದಿದ್ದಾರಾ ಅಂತ ನೋಡಬೇಕು. ಮಾಲೀಕರ ಇನ್ಶೂರೆನ್ಸ್ ನಿನ್ನ ಸಾಮಾನಿಗೆ ಬರುವುದಿಲ್ಲ. ಬಾಡಿಗೆದಾರರ ಪಾಲಿಸಿ ಬೇರೆ ಮಾಡಿಸು, ಅದರಲ್ಲಿ ಸೀವರ್ ಬ್ಯಾಕಪ್ (ಚರಂಡಿ ನೀರು ಹಿಂದಕ್ಕೆ ಬರುವುದು), ಹೊರಗಿನಿಂದ ನುಗ್ಗುವ ನೀರು ಎರಡೂ ಇದೆಯಾ ಅಂತ ಓದಿ ಸಹಿ ಹಾಕು. ಎಷ್ಟೋ ಪಾಲಿಸಿಗಳಲ್ಲಿ ಇವನ್ನು ಬೇರೆಯಾಗಿ ಸೇರಿಸಬೇಕು. ಒಂಟಾರಿಯೊದಲ್ಲಿ ಮುಂಗಡವಾಗಿ ಕೊನೆಯ ತಿಂಗಳ ಬಾಡಿಗೆ ಕೇಳಬಹುದು, ಡ್ಯಾಮೇಜ್ ಡಿಪಾಸಿಟ್ ಅಂತ ಕೇಳುವಂತಿಲ್ಲ.

ಮನೆಯ ವಿಳಾಸ ನನಗೆ ಕಳಿಸು. ಚೌತಿಗೆ ಮೊದಲೇ ನಾನು ವಾಪಸ್ ಹೋಗುತ್ತೇನೆ, ಮೀಟರ್ ಹಿಡಿದುಕೊಂಡು ಹೋಗಿ ನಾಲ್ಕೂ ಗೋಡೆ ನೋಡಿ ನಿನಗೆ ಫೋಟೊ ಹಾಕುತ್ತೇನೆ. ಆಮೇಲೆ ಬೇಕಾದರೆ ದುಡ್ಡು ಕಳಿಸು.